ಪುರಾವೆಯಿಲ್ಲದ ಹತ್ತೊಂಬತ್ತನೇ ತಾರೀಖು

ಬೆಳಗಿನ ಐದೂವರೆ. ರೇಡಿಯೊ ಕೇಂದ್ರದ ಹಿಂಬದಿಯ ಕೋಣೆಯಲ್ಲಿ ಒಂದೇ ದೀಪ ಉರಿಯುತ್ತಿದೆ. ಗೋಡೆಯುದ್ದಕ್ಕೂ ಅಂಗೈಯಗಲದ ಮರದ ಡ್ರಾಯರುಗಳು, ಮುನ್ನೂರ ಅರವತ್ತಾರು. ಒಂದೊಂದರ ಮೇಲೂ ಒಂದು ತಾರೀಖು. ಅವುಗಳ ಮುಂದೆ ಕುಕ್ಕರಗಾಲಲ್ಲಿ ಕೂತ ಐವತ್ತೊಂಬತ್ತರ ಹೆಂಗಸು ಇವತ್ತಿನ ಡ್ರಾಯರು ಎಳೆದು ಐದು ಚೀಟಿ ಆರಿಸುತ್ತಾರೆ. ಒಂದು ಯುದ್ಧ ನಿಂತ ದಿನ, ಒಂದು ಹಡಗು ಮುಳುಗಿದ ದಿನ, ಒಂದು ಲಸಿಕೆ ಮೊದಲ ಬಾರಿ ಚುಚ್ಚಿದ ದಿನ. ತುಟಿಯಲ್ಲೇ ಓದುತ್ತ ಗೋಡೆ ಗಡಿಯಾರ ನೋಡುತ್ತಾರೆ. ಎರಡು ನಿಮಿಷಕ್ಕಿಂತ ಮೂರು ಸೆಕೆಂಡು ಜಾಸ್ತಿ. ಯಾವನೋ ರಾಜನ ಪಟ್ಟಾಭಿಷೇಕ ಮತ್ತೆ ಡ್ರಾಯರು ಸೇರುತ್ತದೆ.

ಮಕ್ಕಳನ್ನು ಎಬ್ಬಿಸಿ, ಡಬ್ಬಿ ಕಟ್ಟಿ, ಒಂಟಿ ಕಾಲುಚೀಲದ ಜೋಡಿ ಹುಡುಕುವ ಹೊತ್ತಿನಲ್ಲಿ ನಮ್ಮ ಅಡುಗೆಮನೆಗಳಿಗೆ ಬರುವ ‘ಈ ದಿನ, ಅಂದು’ ಇವರ ಕೈಕೆಲಸ. ಆರು ಇಪ್ಪತ್ತೈದಕ್ಕೆ ಅದನ್ನು ಓದುವ ಉದ್ಘೋಷಕನ ದನಿ ಎಲ್ಲರಿಗೂ ಗೊತ್ತು. ಬರೆಯುವವರು ಕೇಂದ್ರದ ಒಳಗಿನವರಿಗಷ್ಟೇ ಗೊತ್ತು, ಅದೂ ‘ತಾರೀಖಕ್ಕ’ ಎಂದು. “ಇವತ್ತು ಎಷ್ಟು ಜನರನ್ನ ಸಾಯಿಸಿದ್ದೀರಕ್ಕಾ?” ಎಂದು ಉದ್ಘೋಷಕ ಕೈ ಚಾಚುತ್ತಾನೆ. “ಮುನ್ನೂರು ಚಿಲ್ಲರೆ. ಹಲ್ಲು ಕಿರಿದುಕೊಂಡು ಓದಬೇಡ, ಅವರ ಮನೆಯವರೂ ಕೇಳ್ತಿರ್ತಾರೆ,” ಎಂದು ಚೀಟಿ ಕೊಡುತ್ತಾರೆ.

ಇಪ್ಪತ್ತೊಂಬತ್ತು ವರ್ಷದಿಂದ ಇದೇ ದಿನಚರಿ. ಬೆರಳಚ್ಚು ಕೆಲಸಕ್ಕೆ ಸೇರಿದವರು, ಹಿಂದಿನವರು ಹಾಸಿಗೆ ಹಿಡಿದಾಗ ಈ ಕೋಣೆಗೆ ಬಂದರು. ಹನ್ನೊಂದು ಸಾವಿರ ಚೀಟಿ ಬರೆದಿದ್ದಾರೆ. ಮಧ್ಯಾಹ್ನವೆಲ್ಲ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ರಟ್ಟಿನ ಸಂಪುಟಗಳನ್ನು ತಿರುವಿದ್ದಾರೆ. ಧೂಳಿನಿಂದ ಬಂದ ಕೆಮ್ಮು ಈಗ ಎರಡು ಮಾತಿಗೊಮ್ಮೆ ಅಡ್ಡ ಬರುತ್ತದೆ. ಕೋಣೆಯ ಕಾನೂನು ಒಂದೇ: ಚೀಟಿಯ ಬೆನ್ನಿಗೆ ಪತ್ರಿಕೆಯ ತುಣುಕೋ ಅದರ ನಕಲೋ ಗುಂಡುಸೂಜಿಯಲ್ಲಿ ಚುಚ್ಚಿರಬೇಕು. ಅಚ್ಚಾಗದ ಮಾತು ಗಾಳಿಗೆ ಹೋಗುವಂತಿಲ್ಲ.

ಮೊದಲ ವರ್ಷ ಒಂದು ದೋಣಿ ದುರಂತವನ್ನು ಪತ್ರಿಕೆಯ ತಾರೀಖಿಗೇ ಬರೆದುಬಿಟ್ಟಿದ್ದರಂತೆ. ಪತ್ರಿಕೆ ಬರುವುದು ಮಾರನೇ ದಿನ. ವಾರದೊಳಗೆ ಮುದುಕನೊಬ್ಬ ಗೇಟಿನ ಹತ್ತಿರ ಬಂದು ನಿಂತ. ಬೈಯಲಿಲ್ಲ. “ನನ್ನ ಮಗನ್ನ ಒಂದು ದಿನ ಜಾಸ್ತಿ ಬದುಕಿಸಿಬಿಟ್ರಲ್ಲಮ್ಮ,” ಎಂದನಂತೆ. ಅವತ್ತು ಸಂಜೆಯಿಂದ ತಿಂಗಳುಗಟ್ಟಲೆ ಕೂತು ಅಷ್ಟೂ ಡ್ರಾಯರುಗಳನ್ನು ತಿದ್ದಿದರು. ಎಂಟುನೂರ ಹದಿನಾಲ್ಕು ಚೀಟಿಗಳು ಒಂದು ದಿನ ಹಿಂದಕ್ಕೆ ಹೋದವು.

ಆದರೆ ಒಂದು ಚೀಟಿ ಮಾತ್ರ ಇನ್ನೂ ಗಾಳಿಗೆ ಹೋಗಿಲ್ಲ. ಮುಂದಿನ ತಿಂಗಳ ಹತ್ತೊಂಬತ್ತರ ಡ್ರಾಯರಿನ ತಳದಲ್ಲಿ ಅದು ಬೋರಲಾಗಿ ಮಲಗಿದೆ. ಬೆನ್ನಿಗೆ ತುಣುಕಿಲ್ಲ.

ನಲವತ್ತೈದು ವರ್ಷದ ಹಿಂದೆ ಆ ತಾರೀಖಿನ ಮಧ್ಯಾಹ್ನ ನೂಲಿನ ಗಿರಣಿಯೊಂದರ ಛಾವಣಿ ಕುಸಿಯಿತು. ಮೇಲೆ ಹೊಸ ನೀರಿನ ತೊಟ್ಟಿ ಕಟ್ಟಿಸಿದ್ದರು, ಕೆಳಗೆ ಕಂಬ ಕೊಟ್ಟಿರಲಿಲ್ಲ. ತಾರೀಖಕ್ಕನ ಅಕ್ಕ ಒಳಗಿದ್ದಳು. ತಾಯಿಯಿಲ್ಲದ ತಂಗಿಯನ್ನು ಸಾಕಿದವಳು, ಬೆರಳಚ್ಚು ಕಲಿಯಲು ಸೇರಿಸಿದವಳು. ಮಾರನೇ ದಿನದ ಪತ್ರಿಕೆಯಲ್ಲಿ ನಾಲ್ಕು ಸಾಲು: ‘ಗಿರಣಿಯಲ್ಲಿ ಅವಘಡ, ಕೆಲವರಿಗೆ ಗಾಯ’. ಸತ್ತವರ ಮಾತೇ ಇರಲಿಲ್ಲ. ಗಿರಣಿಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದದ್ದು ಸತ್ತ ಹೆಂಗಸರ ಪೈಕಿ ಹತ್ತು ಜನರದ್ದು ಮಾತ್ರ. ಮಿಕ್ಕವರು ದಿನಗೂಲಿಯವರು, ಬರೆದುಕೊಂಡವರೇ ಇಲ್ಲ.

“ನಾನು ಬರ್ಕೊಂಡೆ,” ಎನ್ನುತ್ತಾರೆ. ರಜೆಯ ದಿನಗಳಲ್ಲಿ ಮನೆ ಮನೆ ಸುತ್ತಿ, ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಹೆಸರು ಬರೆದು, ಎದುರಿಗೆ ಮನೆಯವರ ರುಜುವೋ ಹೆಬ್ಬೆಟ್ಟೋ ಹಾಕಿಸಿದ್ದಾರೆ. ಈ ಬರಹಕ್ಕಾಗಿ ಅವುಗಳಲ್ಲಿ ಒಂಬತ್ತು ಮನೆಗಳಿಗೆ ಹೋಗಿ ಕೇಳಿದ್ದಾಯಿತು. ಒಂಬತ್ತರಲ್ಲೂ ಅದೇ ತಾರೀಖು ಸಿಕ್ಕಿತು. ಒಂದು ಮನೆಯಲ್ಲಿ ಗೋಡೆಯ ಮೇಲಿನ ಫೋಟೋದ ಕೆಳಗಿನ ಬರಹ ತೋರಿಸಿದರು ಅಷ್ಟೇ.

ಪ್ರತಿ ವರ್ಷ ತಾರೀಖಕ್ಕ ಆ ಚೀಟಿಯನ್ನು ಕಾರ್ಯಕ್ರಮ ಅಧಿಕಾರಿಯ ಮೇಜಿಗೆ ಒಯ್ಯುತ್ತಾರೆ. ಪ್ರತಿ ವರ್ಷ ಅದು ಹಿಂದಕ್ಕೆ ಬರುತ್ತದೆ. ಐವರು ಅಧಿಕಾರಿಗಳು ಬದಲಾದರು, ಉತ್ತರ ಬದಲಾಗಲಿಲ್ಲ. ಹೆಬ್ಬೆಟ್ಟು ಪುರಾವೆಯಲ್ಲ, ಯಾವ ಪತ್ರಿಕೆಯಾದರೂ ಸರಿ, ಅಚ್ಚಾದದ್ದು ತನ್ನಿ ಎಂದು ಈಗಿನವರೂ ಹೇಳಿದ್ದಾರೆ. ಅವರ ಮೇಲೆ ತಾರೀಖಕ್ಕನಿಗೆ ಕೋಪವಿಲ್ಲ. “ಆ ಕಾನೂನು ನಾನೇ ಎಲ್ಲರಿಗೂ ಹೇಳಿದ್ದು. ನನ್ನ ಅಕ್ಕನಿಗೆ ಅಂತ ಸಡಿಲ ಮಾಡಿದ್ರೆ ಆ ಮುದುಕನಿಗೆ ಏನು ಮುಖ ತೋರಿಸ್ಲಿ?”

ಇನ್ನು ಮೂರು ತಿಂಗಳಿಗೆ ನಿವೃತ್ತಿ. ಆ ಜಾಗಕ್ಕೆ ಯಾರೂ ಬರುವುದಿಲ್ಲ. ಇದ್ದ ಚೀಟಿಗಳನ್ನೇ ಕಂಪ್ಯೂಟರಿಗೆ ತುಂಬಿ ವರ್ಷವರ್ಷವೂ ಅವನ್ನೇ ತಿರುಗಿಸುತ್ತಾರಂತೆ. ತುಣುಕಿಲ್ಲದ ಚೀಟಿಯನ್ನು ತುಂಬುವುದಿಲ್ಲ. ಹಾಗಾಗಿ ಮುಂದಿನ ತಿಂಗಳ ಹತ್ತೊಂಬತ್ತು ತಪ್ಪಿದರೆ ಆ ಹೆಂಗಸರು ಯಾವ ತಾರೀಖಿಗೂ ಸೇರದೆ ಉಳಿಯುತ್ತಾರೆ.

ಫೋಟೋ ತೆಗೆಯಲು ಹೋದರೆ ಬೇಡವೆಂದು ಸೆರಗು ಅಡ್ಡ ಹಿಡಿಯುತ್ತಾರೆ. ಆ ಜಾಗದಲ್ಲಿ ಒಂದು ವಾಕ್ಯ ಅಚ್ಚಾಗಲಿ, ಚೀಟಿಯ ಬೆನ್ನಿಗೆ ಅಷ್ಟು ಸಾಕು ಎನ್ನುತ್ತಾರೆ. ಸಂಖ್ಯೆಯನ್ನು ಅಂಕಿಯಲ್ಲಿ ಹಾಕಬೇಡಿ, ಅಚ್ಚಿನಲ್ಲಿ ಅಂಕಿ ಹೆಚ್ಚುಕಮ್ಮಿಯಾಗುತ್ತದೆ, ಅಕ್ಷರದಲ್ಲಿ ಬರೆಯಿರಿ ಎಂದು ಎರಡು ಸಲ ಹೇಳುತ್ತಾರೆ. ಆಮೇಲೆ, ಕೆಮ್ಮು ಇಳಿಯುವವರೆಗೆ ಕಾದು, ನಿಧಾನವಾಗಿ ಬರೆಸುತ್ತಾರೆ:

ನಲವತ್ತೈದು ವರ್ಷಗಳ ಹಿಂದೆ ಈ ತಿಂಗಳ ಹತ್ತೊಂಬತ್ತರಂದು ನೂಲಿನ ಗಿರಣಿಯ ಛಾವಣಿ ಕುಸಿದು ಇಪ್ಪತ್ತೇಳು ಹೆಂಗಸರು ಸತ್ತರು.

‘ಈ ತಿಂಗಳ’ ಅಂದರೆ ನಿಮ್ಮ ಪತ್ರಿಕೆಗೆ ತಪ್ಪಾಗುತ್ತದೆ, ‘ಮುಂದಿನ ತಿಂಗಳ’ ಅಂತ ತಿದ್ದಿಕೊಳ್ಳಿ ಎನ್ನುತ್ತಾರೆ. ತಿದ್ದಿದ್ದನ್ನು ಓದಿಸಿ, ಕಣ್ಣು ಗಡಿಯಾರದ ಮೇಲಿಟ್ಟು ಕೇಳಿಸಿಕೊಳ್ಳುತ್ತಾರೆ.

“ಹತ್ತು ಸೆಕೆಂಡು. ಜಾಗ ಇದೆ.”