ಕೌಟು ತಾಮ್ರ

ಎತ್ತರ ಐದಡಿಗೆ ಎರಡು ಬೆರಳು ಕಮ್ಮಿ. ತೂಕ ನಲವತ್ತೈದು ಕೆಜಿ ಇದ್ದೀತು; ಅದರಲ್ಲಿ ಸ್ವೆಟರಿನದೂ ಎಲೆಅಡಿಕೆ ಚೀಲದ್ದೂ ಕಳೆಯಬೇಕು. ವಯಸ್ಸು ಐವತ್ತು ದಾಟಿದೆ, ಎಷ್ಟು ದಾಟಿದೆ ಅನ್ನುವುದಕ್ಕೆ ಆಧಾರ್ ಕಾರ್ಡಿನದೂ ಗ್ಯಾರಂಟಿ ಇಲ್ಲ. ಮುಂದಿನ ಹಲ್ಲೊಂದು ಹೋಗಿದೆ. ಕಣ್ಣು ಸಾಧಾರಣ. ಕೈ ಮಾತ್ರ ಮೊದಲ ದರ್ಜೆ: ಬೆರಳು ಗಿಡ್ಡ, ಅಂಗೈ ಅಗಲ. ಒಟ್ಟಾರೆ ಹಳೇ ಮಾಲು, ಓಡುವ ಸ್ಥಿತಿಯಲ್ಲಿದೆ.

ಗುಬ್ಬಿ ಬಸ್ಸಿಳಿದು ಬಂದು ಗೇಟಿನಲ್ಲಿ ನಿಂತ ಪುಟ್ಟಗಂಗಮ್ಮನನ್ನು ಚನ್ನವೀರಯ್ಯ ಹೀಗೆ ಅಳೆದ. ಅಂತರಸನಹಳ್ಳಿಯಲ್ಲಿ ಅವನದೊಂದು ಗುಜರಿ ಶೆಡ್ಡು. ಹಳೇ ಕಂಪ್ಯೂಟರುಗಳನ್ನು ಕೊಂಡು, ಬಿಚ್ಚಿಸಿ, ಒಳಗಿನ ತಾಮ್ರ ತೆಗೆಸಿ ಮಾರುವುದು ಕಸುಬು. ಇಪ್ಪತ್ತೈದು ವರ್ಷ ಹಳೇ ಸಾಮಾನಿಗೆ ಬೆಲೆ ಕಟ್ಟಿದ ಕಣ್ಣು ಅದು. ‘ನಾನು ಮೋಸ ಹೋಗುವವನಲ್ಲ’ ಎಂದು ನಂಬಿದ್ದು ಬಿಟ್ಟರೆ ಅವನು ಇನ್ನೆಲ್ಲೂ ಮೋಸ ಹೋಗಿರಲಿಲ್ಲ.

“ಏನ್ ಕೆಲಸ ಬರ್ತದಮ್ಮಾ ನಿಂಗೆ?”

“ಕೊಬ್ಬರಿ ಆರಿಸ್ತಿದ್ದೆ ಸಾವ್ಕಾರ್ರೇ. ಇಪ್ಪತ್ತೆರಡು ವರ್ಷ.”

“ಇಲ್ಲಿ ಬಿಚ್ಚಬೇಕಾದ್ದು ಕಂಪ್ಯೂಟರ್ರು.”

“ಸಿಪ್ಪೆ ಬೇರೆ ಇರ್ತದೆ ಬುಡಿ. ಒಳಗೇನೈತೆ ಅಂತ ನೋಡೋದು ತಾನೇ?”

ಕೆಲಸ ಸಿಕ್ಕಿತು. ಜೊತೆಗೊಂದು ಬುದ್ಧಿವಾದವೂ ಸಿಕ್ಕಿತು: “ಬಿಚ್ಚೋದು ನಿನ್ನ ಕೆಲಸ, ಬೆಲೆ ಕಟ್ಟೋದು ನನ್ನ ಕೆಲಸ. ನೆನಪಿರ್ಲಿ.”

ಗುಬ್ಬಿ ಕಡೆ ಕೊಬ್ಬರಿ ಅಟ್ಟದಲ್ಲಿ ಕೆಲಸ ಮಾಡಿದವರಿಗೆ ಕಿವಿಯೇ ಕಣ್ಣು. ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ವರ್ಷಗಟ್ಟಲೆ ಕೂತು, ನೀರು ಆರಿ, ಒಳಗೇ ಉಂಡೆಯಾಗಿ ಚಿಪ್ಪು ಬಿಡಬೇಕು. ಬಿಟ್ಟಿದೆಯೋ ಇಲ್ಲವೋ ಎಂದು ಕಿವಿಯ ಹತ್ತಿರ ಹಿಡಿದು ಆಡಿಸಿ ನೋಡುತ್ತಾರೆ. ಪುಟ್ಟಗಂಗಮ್ಮ ಕಂಪ್ಯೂಟರಿನ ಕರೆಂಟ್ ಡಬ್ಬಿಯನ್ನೂ ಹಾಗೇ ಕಿವಿಗೆ ಹಿಡಿದು ಎರಡು ಸಲ ಆಡಿಸುತ್ತಿದ್ದಳು. ಅಂಗೈಯಲ್ಲಿ ಒಮ್ಮೆ ತೂಗಿ, ‘ಇದ್ರಲ್ಲಿ ಸುರುಳಿ ಐತೆ’ ಅಂತಲೋ, ‘ಇದ್ನ ಯಾರೋ ಆಗ್ಲೇ ಬಿಚ್ಚವ್ರೆ’ ಅಂತಲೋ ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದಳು.

ತೂಕದ ಮಿಷನ್ನಿನ ಮುಂದೆ ಕೂರುವ ಶಿವಮೂರ್ತಿಗೆ ಇದೇ ತಮಾಷೆ. “ಏನಂತೆ ಗಂಗಕ್ಕ, ಒಳಗಿಂದ ಹಲೋ ಅಂತೈತಾ?”

“ನಿನ್ನ ತಲೆ ತತ್ತಾ ಇಲ್ಲಿ, ಅದನ್ನೂ ಆಡಿಸಿ ನೋಡ್ತೀನಿ. ನೀರು ಆರೈತೋ ಇಲ್ವೋ.”

ಕಾರ್ತೀಕದ ಹೊತ್ತಿಗೆ ಕುಣಿಗಲ್ಲಿನಿಂದ ಒಂದು ಸುದ್ದಿ ಬಂತು. ಎಂದೋ ಮುಚ್ಚಿದ ಕಂಪ್ಯೂಟರ್ ಕ್ಲಾಸಿನ ಸಾಮಾನೆಲ್ಲ ಒಂದು ಗೋಡೌನಿನಲ್ಲಿ ಕೊಳೆಯುತ್ತಿದೆ, ಮಾಲೀಕ ಹರಾಜು ಹಾಕುತ್ತಾನೆ ಅಂತ. ಚನ್ನವೀರಯ್ಯ ಹೋದ. ಅರವತ್ತು ಮಾನಿಟರುಗಳು, ಹಿಂದೆ ಹೊಟ್ಟೆ ಬಂದಂಥ ಹಳೇ ಡಬ್ಬಾಗಳು. ಒಂದೊಂದರೊಳಗೂ ಗಾಜಿನ ಸುತ್ತ ಕಪ್ಪು ಟೇಪು ಸುತ್ತಿದ ತಂತಿಯ ಉಂಗುರ, ಆನೆಗೆಂದು ಕರಿದ ಕೋಡುಬಳೆಯಂತೆ. ಒಂದರ ಹಿಂದಿನ ಮುಚ್ಚಳ ಬಿಚ್ಚಿಸಿ, ಟೇಪನ್ನು ಉಗುರಿನಿಂದ ಕಿತ್ತ. ಒಳಗೆ ಕೆಂಪು ಮಿಂಚಿತು. ಜೇಬಿನ ಆಯಸ್ಕಾಂತ ಮುಟ್ಟಿಸಿದ. ಹಿಡಿಯಲಿಲ್ಲ. ಆಯಸ್ಕಾಂತ ಹಿಡಿಯದಿದ್ದರೆ ಕಬ್ಬಿಣ ಅಲ್ಲ ಅಂತಷ್ಟೇ ಅರ್ಥ, ತಾಮ್ರವೇ ಅಂತೇನಲ್ಲ. ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಪಕ್ಕದಲ್ಲಿ ಬೆಳ್ಳಾವಿಯ ಇನ್ನೊಬ್ಬ ವ್ಯಾಪಾರಿ ಕತ್ತು ಚಾಚುತ್ತಿದ್ದ. ಪೈಪೋಟಿಯವನ ಉಸಿರು ಕುತ್ತಿಗೆಗೆ ತಾಗಿದರೆ ಎಂಥ ಜಾಣನಿಗೂ ಕಂಡ ಕೆಂಪೆಲ್ಲ ತಾಮ್ರವೇ. ಉಂಗುರಕ್ಕೆ ಅರ್ಧ ಕೆಜಿಯಂತೆ ಮೂವತ್ತು ಕೆಜಿ ಎಂದು ಮನಸ್ಸಿನಲ್ಲೇ ಗುಣಿಸಿ, ಲಾಟನ್ನು ತನ್ನದು ಮಾಡಿಕೊಂಡು, ಬೆಳ್ಳಾವಿಯವನಿಗೆ ಕಾಫಿ ಕುಡಿಸಿ ಬಂದ.

ಉಂಗುರ ಬಿಚ್ಚುವುದು ಪುಟ್ಟಗಂಗಮ್ಮನ ಪಾಲಿಗೆ ಬಂತು. ಮೊದಲನೆಯದನ್ನು ಅಂಗೈಯಲ್ಲಿ ತೂಗಿದವಳೇ ಹುಬ್ಬು ಗಂಟಿಕ್ಕಿದಳು.

“ಸಾವ್ಕಾರ್ರೇ, ಇದು ಕೌಟು.”

ಕೊಬ್ಬರಿ ಕೆಟ್ಟು ಮುಗ್ಗು ಹಿಡಿದರೆ ನಮ್ಮ ಕಡೆ ಕೌಟು ಅನ್ನುತ್ತಾರೆ. ಆ ವಾಸನೆಗೂ ಅದೇ ಹೆಸರು. ಗೋಡೌನಿನಲ್ಲಿ ಇಲಿ, ಹಲ್ಲಿ ಎಲ್ಲ ಸಂಸಾರ ಮಾಡಿದ್ದ ಮಾಲು, ನಾರುತ್ತಿದ್ದದ್ದು ನಿಜ. ಚನ್ನವೀರಯ್ಯ ಫೋನಿನಿಂದ ತಲೆ ಎತ್ತದೆ, “ಮೂಗಿಗೆ ಬಟ್ಟೆ ಕಟ್ಕೊಳ್ಳಮ್ಮ” ಅಂದ. ಸಂಜೆ ಮೆಡಿಕಲ್ ಶಾಪಿನಿಂದ ಒಂದು ಮಾಸ್ಕು ತರಿಸಿಯೂ ಕೊಟ್ಟ. ಆಳುಗಳ ಆರೋಗ್ಯದ ಬಗ್ಗೆ ತನಗೆಷ್ಟು ಕಾಳಜಿ ಅಂತ ಅವತ್ತು ಅವನಿಗೇ ಆಶ್ಚರ್ಯವಾಯಿತು. ಪುಟ್ಟಗಂಗಮ್ಮ ಮಾಸ್ಕನ್ನು ನೋಡಿದಳು, ಸಾವ್ಕಾರನನ್ನು ನೋಡಿದಳು. ಬೆಲೆ ಕಟ್ಟುವುದು ಅವನ ಕೆಲಸ ತಾನೇ? ಮಾಸ್ಕನ್ನು ಬ್ಯಾಗಿಗೆ ಹಾಕಿಕೊಂಡಳು.

ನಾಲ್ಕು ದಿನಕ್ಕೆ ಅರವತ್ತೂ ಮುಗಿಯಿತು. ಶಿವಮೂರ್ತಿ ತಂತಿಯನ್ನೆಲ್ಲ ತೂಕಕ್ಕೆ ಹಾಕಿದ. ಹತ್ತು ಕೆಜಿಯೂ ಬರಲಿಲ್ಲ.

ಚನ್ನವೀರಯ್ಯ ತೂಕ ನೋಡಿದ, ರಾಶಿ ನೋಡಲಿಲ್ಲ. ಕಣ್ಣೆದುರಿಗೇ ಮಂಡಿಯುದ್ದ ರಾಶಿ ಬಿದ್ದಿದೆ. ಅಷ್ಟು ರಾಶಿಗೆ ಇಷ್ಟೇ ತೂಕ ಹೇಗೆ ಅಂತ ಚಿಕ್ಕ ಮಗುವಾದರೂ ಕೇಳುತ್ತಿತ್ತು. ಇಪ್ಪತ್ತೈದು ವರ್ಷದ ಅನುಭವ ಕೇಳಲಿಲ್ಲ. ಮೂವತ್ತರಲ್ಲಿ ಹತ್ತು ಕಳೆದರೆ ಇಪ್ಪತ್ತು. ಇಪ್ಪತ್ತು ಕೆಜಿ ನಡೆದುಕೊಂಡು ಹೋಗುವುದಿಲ್ಲ, ಯಾರೋ ಹೊತ್ತುಕೊಂಡು ಹೋಗಬೇಕು.

ಸಂಜೆ ಎಲ್ಲರೂ ಗೇಟಿನ ಹತ್ತಿರ ಬರುವಾಗ ಅವನು ಅಡ್ಡ ನಿಂತ. “ಪುಟ್ಟಗಂಗಮ್ಮ, ಬ್ಯಾಗ್ ತೆಗಿ.”

ಎಂಟು ಜನ ಹಾಗೇ ನಿಂತುಬಿಟ್ಟರು. ತಾಮ್ರದ ಕಸುಬಿನಲ್ಲಿ ಕೈಗಿಂತ ಮೊದಲು ಹೆಸರು ಕೆಲಸ ಮಾಡುತ್ತದೆ. ಕಳ್ಳಿ ಅನ್ನಿಸಿಕೊಂಡವಳಿಗೆ ಆ ಏರಿಯಾದ ಯಾವ ಶೆಡ್ಡಿನ ಬಾಗಿಲೂ ತೆಗೆಯುವುದಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತು, ಅವಳಿಗೂ ಗೊತ್ತು.

“ಅಟ್ಟದಾಗೆ ಇಪ್ಪತ್ತೆರಡು ವರ್ಷ ಇದ್ದೆ. ಒಬ್ರೂ ನನ್ನ ಮಡಿಲು ಬಿಚ್ಚಿಸಿ ನೋಡ್ಲಿಲ್ಲ,” ಅಂದಳು. ಬ್ಯಾಗನ್ನು ನೆಲದ ಮೇಲೆ ಸುರಿದಳು. ಊಟದ ಡಬ್ಬಿ, ಎಲೆಅಡಿಕೆ ಚೀಲ, ಸೊನ್ನೆ ರೂಪಾಯಿಯ ಬಸ್ ಟಿಕೆಟ್ಟು. ಕೊನೆಗೆ ಬಿದ್ದದ್ದು ಮಾಸ್ಕು. ಅದರ ಕವರು ಇನ್ನೂ ಒಡೆದಿರಲಿಲ್ಲ.

ಏನೂ ಸಿಗದವನಿಗೆ ಸಿಕ್ಕಿದ್ದೇ ಆಧಾರ. “ಇದ್ಯಾಕೆ ಹಾಕ್ಕೊಂಡಿಲ್ಲ? ಕೌಟು ವಾಸನೆ ಅಂದೆಯಲ್ಲ?”

“ವಾಸನೆ ಅಂತ ಯಾರಂದ್ರು? ಮಾಲು ಕೌಟು ಅಂದೆ.”

ಒಳಗೆ ಹೋಗಿ ರಾಶಿಯಿಂದ ಒಂದು ಎಳೆ ತಂದಳು. ಬ್ಲೇಡಿನಿಂದ ಎರಡು ಸಲ ಹೆರೆದು ಅವನ ಮೂಗಿನ ಮುಂದೆ ಹಿಡಿದಳು. ಕೆಂಪು ಬರೀ ಮೇಲಿನ ಬಣ್ಣ. ಒಳಗೆ ಬಿಳೀ ಸಿಲ್ವರ್ರು, ಅಂದರೆ ಅಲ್ಯುಮಿನಿಯಂ. ತಾಮ್ರದ ಮೂರನೇ ಒಂದು ಪಾಲು ತೂಕದ್ದು.

“ಮೇಲೆ ಚೆಂದ, ಒಳಗೆ ಕೆಟ್ಟಿರೋದು. ಅದಕ್ಕೆ ಕೌಟು ಅನ್ನದೆ ಇನ್ನೇನಂತಾರೆ ಸಾವ್ಕಾರ್ರೇ?”

ಅವಳು ಹೇಳಿದ್ದು ತಂತಿಯ ಮಾತೇ ಇರಬೇಕು. ಆದರೆ ಎಂಟು ಜನವೂ ಸಾವ್ಕಾರನ ಮುಖ ನೋಡಿದರು.

ಚನ್ನವೀರಯ್ಯ ಕೆಮ್ಮಿದ. “ಹ್ಞೂ… ಶಿವಮೂರ್ತಿ, ಎಲ್ಲಾರ್ಗೂ ಟೀ ಹೇಳೋ.” ಎಂಟು ಜನರ ಮುಂದೆ ತೆಗೆದ ಮಾನಕ್ಕೆ ಎಂಟು ಟೀ, ರೇಟು ಅಗ್ಗವೇ. ಪುಟ್ಟಗಂಗಮ್ಮ ಕುಡಿಯಲಿಲ್ಲ, ಬಸ್ಸಿಗೆ ಹೊತ್ತಾಯಿತು ಅಂದಳು.

ಮರುದಿನ ಬರಲಾರಳು ಅಂದುಕೊಂಡಿದ್ದರು. ಬಂದಳು, ಬಟ್ಟೆ ಬ್ಯಾಗಿನ ಬದಲು ಒಳಗಿರುವುದೆಲ್ಲ ಕಾಣುವ ಪ್ಲಾಸ್ಟಿಕ್ ಚೀಲ ಹಿಡಿದು. ಸಂಜೆ ಗೇಟಿನಲ್ಲಿ ತಾನಾಗೇ ನಿಂತು ಚೀಲ ಎತ್ತಿ ತೋರಿಸಿದಳು.

“ಬ್ಯಾಡ ಹೋಗಮ್ಮ.”

“ಇಲ್ಲ ಸಾವ್ಕಾರ್ರೇ, ನೋಡ್ಬುಡಿ. ಆಮೇಲೆ ತೂಕ ಕಮ್ಮಿ ಬಂದಾತು.”

ಅವನು ಕಣ್ಣು ಹಾಯಿಸುವವರೆಗೂ ಕದಲಲಿಲ್ಲ. ಅವತ್ತಿನಿಂದ ದಿನಾ ಸಂಜೆ ಇದೇ ಪೂಜೆ. ಹಿಂದೆ ಎಂಟು ಜನ ಮಂಗಳಾರತಿಗೆ ನಿಂತ ಹಾಗೆ ನಿಲ್ಲುತ್ತಾರೆ.

ಈಗ ಎಲ್ಲಿ ಹರಾಜಾದರೂ ಚನ್ನವೀರಯ್ಯ ಅವಳನ್ನು ಕರೆದುಕೊಂಡೇ ಹೋಗುತ್ತಾನೆ. ಅವಳು ಆಡಿಸಿ, ತೂಗಿ, ‘ಗಟ್ಟಿ’ ಅಂದರೆ ಕೂಗುತ್ತಾನೆ, ‘ಕೌಟು’ ಅಂದರೆ ಬೆಳ್ಳಾವಿಯವನಿಗೆ ಬಿಟ್ಟುಕೊಡುತ್ತಾನೆ, ಕಾಫಿ ಸಮೇತ. ಸುತ್ತಲಿನ ಶೆಡ್ಡುಗಳಲ್ಲೂ ಬಣ್ಣ ಹಾಕಿದ ಸಿಲ್ವರಿಗೆ ಕೌಟು ತಾಮ್ರ ಅನ್ನುವುದು ರೂಢಿಯಾಗಿದೆ. ಮಾತು ಎಲ್ಲಿಂದ ಬಂತು ಅಂತ ಕೇಳಿದರೆ ‘ಚನ್ನವೀರಯ್ಯನವರದು’ ಅನ್ನುತ್ತಾರೆ. ಅವನು ಅಲ್ಲ ಅನ್ನುವುದಿಲ್ಲ.

ಒಮ್ಮೆ ಕುಣಿಗಲ್ಲಿನಿಂದ ಗೂಡ್ಸ್ ಆಟೋದಲ್ಲಿ ಬರುವಾಗ, ಡ್ರೈವರ್ ಟೀ ಕುಡಿಯಲು ಇಳಿದದ್ದು ನೋಡಿ, ಅವನು ಶುರು ಮಾಡಿದ. “ಪುಟ್ಟಗಂಗಮ್ಮ, ಅವತ್ತಿಂದು…”

“ಇಲ್ಲಿ ಯಾರವ್ರೆ ಕೇಳಾಕೆ?” ಅಂದಳು ಅವಳು, ರಸ್ತೆ ನೋಡುತ್ತಾ. “ಬ್ಯಾಗ್ ತೆಗ್ಸಿದ್ದು ಗೇಟ್‌ನಾಗೆ. ಅಲ್ಲೇ ಹೇಳಿ.”

ಆ ಚನ್ನವೀರಯ್ಯ ನಾನೇ. ನಿನ್ನೆ ಸಂಜೆಯೂ ಅವಳು ಚೀಲ ತೋರಿಸಿದಳು, ನಾನು ನೋಡಿದೆ, ಬಾಯಿ ಬರಲಿಲ್ಲ. ಎಂಟು ಜನರ ಮುಂದೆ, ಗೇಟಿನಲ್ಲಿ ನಿಂತು, ಪುಟ್ಟಗಂಗಮ್ಮನಿಗೆ ‘ತಪ್ಪಾಯ್ತು’ ಅನ್ನುವುದು ನನ್ನಿಂದ ಇನ್ನೂ ಬಾಕಿ ಇದೆ.