ಮಳವಳ್ಳಿಗೆ ರೈಲು ಬಂದ ಭಾನುವಾರ

ಹೋದ ಭಾನುವಾರ ಮಳವಳ್ಳಿಗೆ ರೈಲು ಬಂತು. ಬರುವುದಕ್ಕೆ ಮುಂಚೆಯೇ ನನ್ನ ಹೆಂಡತಿ ಅಡುಗೆಮನೆಯಲ್ಲಿ ಬಂದಿಯಾಗಿದ್ದಳು.

ಎರಡು ಸುದ್ದಿಯೂ ಯಾವ ಪೇಪರಿನಲ್ಲೂ ಬರಲಿಲ್ಲ. (ಯುದ್ಧದ ಸುದ್ದಿಗೇ ಕಾಗದ ಸಾಲದ ಕಾಲವಿದು.) ಹಾಗಾಗಿ ನಾನೇ ಬರೆಯಬೇಕಾಗಿದೆ.

ವರ್ಗವಾಗಿ ಹೊರಟಿದ್ದ ಒಬ್ಬ ಇಂಗ್ಲಿಷ್ ಇಂಜಿನಿಯರು ಮನೆ ಖಾಲಿ ಮಾಡುವಾಗ ನನ್ನ ಕೈಗೆ ಒಂದು ಪೆಟ್ಟಿಗೆ ಕೊಟ್ಟರು. ಒಳಗೆ ಆಟದ ರೈಲು. ಗಡಿಯಾರದ ಹಾಗೆ ಕೀಲಿ ಕೊಟ್ಟರೆ ಓಡುವ ಇಂಜಿನ್ನು, ಎರಡು ಡಬ್ಬಿ, ಜೋಡಿಸಿಕೊಳ್ಳುವ ತಗಡಿನ ಹಳಿ. ನಿಮ್ಮ ಮಕ್ಕಳಿಗೆ ಕೊಡಿ ಎಂದರು. ನಮಗೆ ಮಕ್ಕಳಿಲ್ಲ. ಹಾಗೆಂದು ಹೇಳಿ ಪೆಟ್ಟಿಗೆ ವಾಪಸು ಮಾಡುವಷ್ಟು ದಡ್ಡನೇ ನಾನು?

ಮಂಡ್ಯದಲ್ಲಿ ನಮ್ಮದು ಬಾಡಿಗೆ ಮನೆ. ಒಂದು ನಡುಮನೆ, ಒಂದು ಅಡುಗೆಮನೆ, ಅಲ್ಲಿಗೆ ಮುಗಿಯಿತು. ಕೂರುವುದು, ಉಣ್ಣುವುದು, ಮಲಗುವುದು, ರಾಗಿ ಹರವುವುದು, ಬಂದವರ ಜೊತೆ ಯುದ್ಧದ ಬಗ್ಗೆ ಜಗಳವಾಡುವುದು ಎಲ್ಲಕ್ಕೂ ಆ ನಡುಮನೆಯೇ. ಮೊದಲ ದಿನ ಹಳಿಯನ್ನು ನೆಲದ ಮೇಲೆ ಹಾಸಿದೆ. ನನ್ನ ಹೆಂಡತಿ ತಾಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ನೆಲದ್ ಮ್ಯಾಲೆ ರೈಲು ಬುಟ್ರೆ ನಾವೆಲ್ಲಿ ಮನಿಕಳಾದು? ಟೇಸನ್ನಲ್ಲಾ?”

ನ್ಯಾಯವಾದ ಪ್ರಶ್ನೆ. ಅದಕ್ಕೇ ಮಡಚುವ ರೈಲ್ವೆ ಮಾಡಿದೆ.

ಟೀ ಪೆಟ್ಟಿಗೆಗಳ ಹಲಗೆ ಕೂಡಿಸಿ ದೊಡ್ಡದೊಂದು ಮಣೆ ಮಾಡಿ, ಕೀಲು ಹಾಕಿ ಗೋಡೆಗೆ ಜೋಡಿಸಿದೆ. ಚಿಲಕ ತೆಗೆದು ಇಳಿಸಿದರೆ ರೈಲ್ವೆ, ಎತ್ತಿ ಚಿಲಕ ಹಾಕಿದರೆ ಗೋಡೆ. ನೆಲದಲ್ಲಿ ಕೂತವರಿಗೆ ಎಟುಕುವಷ್ಟು ಎತ್ತರ. ಎತ್ತಿದಾಗ ಗೋಡೆಗೂ ಹಲಗೆಗೂ ನಡುವೆ ಒಂದು ಬೆಂಕಿಪೊಟ್ಟಣ ಹಿಡಿಸುವಷ್ಟು ಸಂದು ಬಿಟ್ಟಿದ್ದೆ. ಬೆಂಕಿಪೊಟ್ಟಣವೇ ಯಾಕೆ? ಮಂಡ್ಯ ಸ್ಟೇಷನ್ನೂ ಮದ್ದೂರು ಸ್ಟೇಷನ್ನೂ ಅದರಲ್ಲೇ ಮಾಡಿದಂಥವು. ಹಳಿ ಸುತ್ತಿ ಬಂದು ಎರಡೂ ಊರನ್ನು ಮುಟ್ಟುತ್ತಿತ್ತು. ತಾಯಮ್ಮ ಹಲಗೆಯ ಬೆನ್ನಿಗೆ ಮೊಳೆ ಹೊಡೆದು ಮೊರ ನೇತುಹಾಕಿದಳು. ಅಲ್ಲಿಗೆ ನನ್ನ ರೈಲ್ವೆಗೆ ಗೃಹಖಾತೆಯ ಮಂಜೂರಾತಿ ಸಿಕ್ಕಂತಾಯಿತು.

ತೊಂದರೆ ಶುರುವಾದದ್ದು ನಮ್ಮ ಮಾವ ಬಂದಾಗ.

ಅವರದು ಮಳವಳ್ಳಿ. ತಕ್ಕಮಟ್ಟಿಗೆ ಜಮೀನುಳ್ಳ ಗೌಡರು, ಯಾವುದಕ್ಕೂ ಯಾರ ಮುಂದೂ ಕೈಯೊಡ್ಡಿದವರಲ್ಲ, ಒಂದು ವಿಷಯ ಬಿಟ್ಟು. ಅವರ ಊರಿಗೆ ರೈಲಿಲ್ಲ. ಯಾವ ಅಧಿಕಾರಿ ಬಂದು ಬಂಗಲೆಯಲ್ಲಿ ಇಳಿದುಕೊಂಡರೂ ಸರಿ, ಮಾವ ಅಂಗಿ ತೊಟ್ಟು, ನಿಂಬೆಹಣ್ಣು ಹಿಡಿದು ಹೋಗಿ ನಿಲ್ಲುತ್ತಾರೆ. “ಕಣ್ಣು ಚೆಂದಾಗಿರೋವಾಗ್ಲೇ ಟೇಸನ್ ಬೋರ್ಡ್ ಮ್ಯಾಲೆ ನಮ್ಮೂರೆಸ್ರು ನೋಡ್ಬುಡ್ಬೇಕು ಸ್ವಾಮಿ” ಎನ್ನುತ್ತಾರೆ. ಅಧಿಕಾರಿಗಳು ನಿಂಬೆಹಣ್ಣು ತೆಗೆದುಕೊಂಡು, ನೋಡೋಣ ಎನ್ನುತ್ತಾರೆ. ಕಡೆಯ ಸಲ ಬಂದವನೊಬ್ಬ ಮಾತ್ರ ನೇರ ಮನುಷ್ಯ. ಪ್ಲಾನಿನಲ್ಲಿ ಜಾಗ ಇಲ್ಲ ಅಂದುಬಿಟ್ಟ.

ಇಂಥ ಮಾವನ ಎದುರಿಗೆ ನಾನು ಹೆಮ್ಮೆಯಿಂದ ಹಲಗೆ ಇಳಿಸಿದೆ.

“ಇದ್ಯಾವೂರು ಅಳಿಮಯ್ಯ?”

“ಮಂಡ್ಯ.”

“ಇದು?”

“ಮದ್ದೂರು.”

“ಮಳವಳ್ಳಿ ಎಲ್ಲದೆ?”

“ಜಾಗ ಇಲ್ಲ ಮಾವ” ಎಂದೆ. ಯೋಚಿಸದೆ ಬಂದ ಮಾತು. ಅಳತೆಯ ಪ್ರಕಾರ ನಿಜವಾದ ಮಾತು ಕೂಡ.

ಮಾವ ಕೈಯಲ್ಲೆತ್ತಿಕೊಂಡಿದ್ದ ಇಂಜಿನ್ನನ್ನು ಕೆಳಗಿಟ್ಟರು. “ನೀವೂ ಅದ್ನೇ ಅಂದ್ರಾ? ಆ ಆಪೀಸರ್ಗೆ ಜಾಗ ಇರ್ನಿಲ್ಲ, ಓಗ್ಲಿ ಬುಡಿ. ನನ್ ಮಗಳ್ ಮನೇಲೂ ಇಲ್ವಾ?”

ಆವತ್ತು ಅವರು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ತಾಯಮ್ಮ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಮದುವೆಯಾದ ಓದುಗರಿಗೆ ಗೊತ್ತಿರುತ್ತದೆ.

ಮಾರನೆಯ ದಿನದಿಂದಲೇ ಕೆಲಸ ಹಿಡಿದೆ. ದೊಡ್ಡ ಹಲಗೆಯ ಅಂಚಿಗೆ ಇನ್ನೊಂದು ಸಣ್ಣ ಹಲಗೆ, ಅದಕ್ಕೂ ಕೀಲು. ಬೇಡವಾದಾಗ ದೊಡ್ಡದರ ಅಡಿಗೆ ಮಡಚಿಕೊಳ್ಳುತ್ತದೆ. ಬಿಚ್ಚಿದರೆ ಮದ್ದೂರಿನಿಂದ ಹಳಿ ಕವಲೊಡೆದು ಮಳವಳ್ಳಿಗೆ! ಹೊಸ ಬೆಂಕಿಪೊಟ್ಟಣ, ರಟ್ಟಿನ ಬೋರ್ಡು, ಅದರ ಮೇಲೆ ದಪ್ಪ ಅಕ್ಷರ. ಒಂದೇ ಒಂದು ಲೋಪವೆಂದರೆ, ಮಳವಳ್ಳಿ ಬಿಚ್ಚಿಕೊಂಡಾಗ ಅಡುಗೆಮನೆ ಬಾಗಿಲಿಗೆ ತಗಲುತ್ತಿತ್ತು. ಮನೆ ಕಟ್ಟಿದ ಪುಣ್ಯಾತ್ಮ ಆ ಬಾಗಿಲನ್ನು ನಡುಮನೆಯ ಕಡೆಗೆ ತೆರೆಯುವಂತೆ ಇಟ್ಟಿದ್ದಾನೆ. ಮಳವಳ್ಳಿ ಇರಬೇಕಾದರೆ ಬಾಗಿಲು ಮುಚ್ಚಿರಬೇಕು.

ಭಾನುವಾರ ಮಾವ ಬಂದರು. ಪೆಟ್ರೋಲು ಸಿಗದ ಕಾಲವಲ್ಲವೇ, ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಮದ್ದೂರಿಗೆ, ಅಲ್ಲಿಂದ ರೈಲು. ದಾರಿಯ ಏರಿನಲ್ಲಿ ಬಸ್ಸು ನಿಂತು, ಎಲ್ಲರೂ ಇಳಿದು ತಳ್ಳಿದ್ದರಂತೆ. ಪಂಚೆಯೆಲ್ಲ ಮಸಿ.

“ತಾಯಮ್ಮ, ಬಾಗಿಲು ಹಾಕಿಕೊ” ಎಂದೆ.

“ಯಾಕೆ?” ಎಂದಳು ಒಲೆಯ ಮುಂದಿನಿಂದ.

“ಮಳವಳ್ಳಿ ಬಿಚ್ಚಬೇಕು.”

ಬಾಗಿಲು ಹಾಕಿಕೊಂಡಳು. ಹಲಗೆ ಇಳಿಯಿತು. ರಟ್ಟಿನ ಬೋರ್ಡನ್ನು ಮಾವ ಗಟ್ಟಿಯಾಗಿ ಓದಿದರು. ಇನ್ನೊಂದು ಸಲ ಓದಿದರು. ನಾನು ಕೀಲಿ ಕೊಟ್ಟೆ. ರೈಲು ಮಂಡ್ಯ ಬಿಟ್ಟಿತು, ಮದ್ದೂರು ದಾಟಿತು, ಎರಡು ಹಲಗೆ ಕೂಡುವ ಕಡೆ ಬಂದು ಮಗ್ಗುಲಾಗಿ ಬಿತ್ತು. ಎತ್ತಿ ಬಿಟ್ಟೆ. ಮತ್ತೆ ಬಿತ್ತು. ಕೀಲಿನ ಹತ್ತಿರ ಹಳಿಗೆ ಹಳಿ ಸರಿಯಾಗಿ ಕೂರುತ್ತಿರಲಿಲ್ಲ.

ನನಗೆ ಅವಮಾನವಾಯಿತು. ಮಾವನಿಗೆ ಏನೂ ಆಗಲಿಲ್ಲ. “ಬುಡಿ ಅಳಿಮಯ್ಯ, ತಳ್ಳಾದು ನಮ್ಗೇನ್ ಹೊಸ್ದಾ?” ಎಂದು ಇಂಜಿನ್ನಿನ ಹಿಂದೆ ಬೆರಳಿಟ್ಟು, ಮೆಲ್ಲಗೆ ಸಂದು ದಾಟಿಸಿದರು. ರೈಲು ಮಳವಳ್ಳಿಯಲ್ಲಿ ನಿಂತಿತು.

ಮಾವ ತಲೆಯ ವಸ್ತ್ರ ತೆಗೆದು ತೊಡೆಯ ಮೇಲಿಟ್ಟುಕೊಂಡು ನೋಡುತ್ತ ಕೂತರು. ನನಗೂ ಸಂತೋಷವಾಯಿತು, ಸುಳ್ಳೇಕೆ ಹೇಳಲಿ?

ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು. “ಅಪ್ಪಾ, ಅಡ್ಗೆ ಆಯ್ತು. ಬಾಗ್ಲು ತಗೀಬೈದಾ?”

“ತಡಿ ಮಗ. ಈಗ್ ತಾನೆ ಬಂದದೆ. ಜನ ಅತ್ಕಳ್ಳಿ.”

ಜನ ಹತ್ತಿ ಮುಗಿಯಲೇ ಇಲ್ಲ. ಕೊನೆಗೆ ನಾನು ಬೀದಿಗೆ ಹೋಗಿ, ಅಡುಗೆಮನೆಯ ಕಿಟಕಿಯ ಸರಳಿನ ಸಂದಿಯಲ್ಲಿ ಒಂದು ಮುದ್ದೆ, ಇನ್ನೊಂದು ಮುದ್ದೆ, ಚೊಂಬಿನಲ್ಲಿ ಸಾರು ಹೀಗೆ ಈಸಿಕೊಂಡೆ. ಪಕ್ಕದ ಮನೆಯವರು ನಿಂತು ನೋಡಿದರು. “ಏನ್ ಸ್ವಾಮಿ, ನಿಮ್ಮನೇಲೂ ರೇಷನ್ನಾ?”

ಮಾವ ಮಳವಳ್ಳಿ ಸ್ಟೇಷನ್ನಿನ ಪಕ್ಕದಲ್ಲೇ ಕೂತು ಉಂಡರು. ಈ ಸಲ ತಟ್ಟೆಯಲ್ಲಿ ಏನೂ ಉಳಿಸಲಿಲ್ಲ. ತಾಯಮ್ಮ ಒಳಗೆ, ಹೊಗೆಯಲ್ಲಿ ಒಬ್ಬಳೇ ಉಂಡಳು.

ಸಂಜೆ ನಿಜವಾದ ರೈಲಿನ ಹೊತ್ತಾಯಿತು. ಮಾವ ತಾವೇ ಎದ್ದು, ತಮ್ಮ ಊರನ್ನು ತಮ್ಮ ಕೈಯಾರೆ ಮಡಚಿದರು. ಬಾಗಿಲು ತೆರೆಯಿತು. ಕಣ್ಣು ಕೆಂಪಾಗಿಸಿಕೊಂಡು, ಸೆರಗಿನಲ್ಲಿ ಮುಖ ಒರೆಸುತ್ತ ತಾಯಮ್ಮ ಬಂದಳು.

ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ ಮಾವ ನಕ್ಕರು. “ಜಾಗ ಇಲ್ಲ ಅಂದಿದ್ರಲ್ಲಾ ಅಳಿಮಯ್ಯ. ಇತ್ತಲ್ಲಾ!”

“ಇತ್ತು ಕಣಪ್ಪ” ಎಂದಳು ತಾಯಮ್ಮ. “ನನ್ ಬಾಗ್ಲಲ್ಲಿತ್ತು.”

ಮಳವಳ್ಳಿಗೆ ನಿಜವಾದ ರೈಲು ಇಂದಲ್ಲ ನಾಳೆ ಬಂದೀತು. ಆ ದಿನ ಯಾರ ಬಾಗಿಲು ಮುಚ್ಚಬೇಕಾಗುತ್ತದೋ, ಅವರನ್ನು ಒಂದು ಮಾತು ಕೇಳುವವರಿದ್ದಾರೆಯೇ?