ಸಂತ್ರಾ ಸಿಪ್ಪೆಯ ದೀಪ, ಚಕ್ಕುಲಿ ಕರಿದ ಎಣ್ಣೆ

ಈ ದೀಪಾವಳಿಗೆ ಮೆಟ್ಟಿಲ ಮೇಲೆ ಸೀರಿಯಲ್ ಸೆಟ್ ಬೇಡ, ಕಿತ್ತಳೆ ಸಿಪ್ಪೆಯಲ್ಲೇ ದೀಪ ಹಚ್ಚೋಣ, ಫುಲ್ ಇಕೋ ಫ್ರೆಂಡ್ಲಿ... ಅಂತ ನಮ್ಮನೆಯವರು ಸೊಸೈಟಿ ಮೀಟಿಂಗಿನಲ್ಲಿ ಹೇಳಿ ಬಂದುಬಿಟ್ಟರು.

ನಾಗಪುರಕ್ಕೆ ಬಂದ ಮೇಲೆ ಇದು ನಮ್ಮ ಮೊದಲ ಹಬ್ಬ. ಪ್ರತಾಪ ನಗರದ ಈ ಬಿಲ್ಡಿಂಗಿನಲ್ಲಿ ಇನ್ನೂ ಯಾರ ಪರಿಚಯವೂ ಇಲ್ಲ. ಇಲ್ಲಿ ಕಿತ್ತಳೆಗೆ ಸಂತ್ರಾ ಅನ್ನುತ್ತಾರೆ; ದೀಪ ಹತ್ತದಿದ್ದರೆ ವರ್ಷವಿಡೀ "ಸಂತ್ರಾವಾಲೆ" ಅಂತ ನಗುತ್ತಾರಲ್ಲ ಎಂದು ನನಗೆ ಒಳಗೊಳಗೇ ಅಳುಕು.

ಹಬ್ಬದ ಬೆಳಿಗ್ಗೆ ಇವರು ಕಾರಿನಲ್ಲಿ ಕಳಮನಾ ಮಾರ್ಕೆಟ್ಟಿಗೆ ಹೋಗಿ ಕ್ರೇಟ್‌ಗಟ್ಟಲೆ ಹಣ್ಣು ತಂದರು. ಎಲ್ಲವೂ ಪ್ಲಾಸ್ಟಿಕ್ ಕ್ರೇಟುಗಳೇ.

ನಮ್ಮ ಅತ್ತೆ ಹುಬ್ಬಳ್ಳಿಯವರು. ಮಾತಿನಲ್ಲಿ ಮುಲಾಜಿಲ್ಲ.

"ಊರಿನ ಆ ತುದೀತನಕ ಪೆಟ್ರೋಲ್ ಸುಟ್ಟು ಬಂದಿ. ಇದು ಹೆಂಗ ಹಸರು ದೀಪ ಆತೋ?"

ಇವರು ಚಾಕು ಹಿಡಿದು ಕೂತರು. ಹಣ್ಣಿನ ಸುತ್ತ ಗೆರೆ ಕೊಯ್ದು ಮೆಲ್ಲಗೆ ಬಿಡಿಸಿದರೆ ಸಿಪ್ಪೆ ಬಟ್ಟಲಾಗುತ್ತದೆ, ನಡುವಿನ ಬಿಳಿ ನಾರೇ ಬತ್ತಿ. ನಿಜಕ್ಕೂ ಚೆಂದ.

ಆದರೆ ಒಳಗಿನ ಹಣ್ಣು? ತಿಂದೂ ತಿಂದೂ ನಮಗೆ ಸಾಕಾಗಿಹೋಯಿತು. ಕ್ರೇಟು ಮಾತ್ರ ಖಾಲಿಯಾಗುತ್ತಿಲ್ಲ.

"ಸಿಪ್ಪಿ ಸಲುವಾಗಿ ಹಣ್ಣು ಕೆಡಸಬ್ಯಾಡ್ರಿ," ಅಂದರು ಅತ್ತೆ. "ಮಂದೀನ ಕರೀರಿ. ತಿಂದವ್ರು ತಮ್ಮ ದೀಪ ತಾವ ಹಚ್ಚಲಿ."

ಸಂಜೆ ನಾನೇ ಮನೆಮನೆಯ ಬೆಲ್ ಒತ್ತಿ ಕರೆದೆ. ಒಬ್ಬೊಬ್ಬರಾಗಿ ಬಂದು ಮೆಟ್ಟಿಲ ಮೇಲೆ ಕೂತು ಹಣ್ಣು ಬಿಡಿಸತೊಡಗಿದರು. ಅಷ್ಟರಲ್ಲಿ ನಮ್ಮ ಎಣ್ಣೆ ಮುಗಿಯಿತು.

ಎಲ್ಲರೂ ಕಾಕು ಎಂದು ಕರೆಯುವ ಎದುರು ಮನೆಯ ಮರಾಠಿ ಹೆಂಗಸು ಚಕ್ಕುಲಿ ಕರಿದು ಉಳಿದ ಎಣ್ಣೆಯ ಡಬ್ಬಿ ಹಿಡಿದು ಬಂದರು. "ಹೇ ಚಾಲೇಲ ಕಾ?" ಇದು ನಡೆಯುತ್ತಾ ಎಂದು ಕೇಳಿದರು.

ನಮ್ಮಲ್ಲಿ ಕರಿದ ಎಣ್ಣೆಯನ್ನು ದೀಪಕ್ಕೆ ಹಾಕುವುದೇ ಇಲ್ಲ. ಹಬ್ಬದ ದಿನ ಬೇಡ ಎಂದು ಹೇಳುವುದಾದರೂ ಹೇಗೆ? ಅತ್ತೆಯ ಮುಖ ನೋಡಿದೆ.

ಅವರು ಡಬ್ಬಿಯೊಳಗೆ ಇಣುಕಿದರು. "ದೇವರ ಮುಂದ ಬ್ಯಾಡ. ಇದು ಮಂದಿ ದೀಪ, ಬರೋಬರ್ ನಡೀತೈತಿ." ಡಬ್ಬಿ ಇಸಿದುಕೊಂಡು ಮೊದಲ ದೀಪಕ್ಕೆ ತಾವೇ ಎಣ್ಣೆ ಹೊಯ್ದರು.

ನಾರು ಬೇಗ ಹತ್ತಲಿಲ್ಲ, ಸ್ವಲ್ಪ ಸತಾಯಿಸಿತು. ಆಮೇಲೆ ನೋಡಿ... ಕೆಳಗಿನಿಂದ ಟೆರೇಸಿನವರೆಗೆ ಕೇಸರಿ ಬೆಳಕು. ಬಿಲ್ಡಿಂಗ್ ತುಂಬ ಕಿತ್ತಳೆ ಮತ್ತು ಚಕ್ಕುಲಿಯ ಘಮ.

ಅತ್ತೆ ಕನ್ನಡದಲ್ಲಿ, ಕಾಕು ಮರಾಠಿಯಲ್ಲಿ ಮಾತಾಡುತ್ತಾ ಒಂದೇ ಮೆಟ್ಟಿಲ ಮೇಲೆ ಕೂತಿದ್ದಾರೆ. ನನಗೆ ಖುಷಿಯಿಂದ ಕಣ್ಣು ತುಂಬಿ ಬಂತು.

ಪೆಟ್ರೋಲು, ಕ್ರೇಟು ಎಲ್ಲ ಸೇರಿಸಿದರೆ ನಮ್ಮ ದೀಪ ಎಷ್ಟು ಹಸಿರು, ನೀವೇ ಹೇಳಿ.

ಈಗ ಬಿಲ್ಡಿಂಗಿನವರೆಲ್ಲ ನಮ್ಮನ್ನು "ಸಂತ್ರಾವಾಲೆ" ಅಂತಲೇ ಕರೆಯುತ್ತಾರೆ, ನಾನೂ ನಗುತ್ತಾ ಓ ಅನ್ನುತ್ತೇನೆ.